ಅಮ್ಮನ ಕೋವಿಗೆ ಹೊಸ ಹಿಡಿ

ಆಗ ಹ್ಯೂಸ್ಟನ್‌ನಲ್ಲಿ ಕೊತ್ತಂಬರಿ ಸೊಪ್ಪು ಬೇಕೆಂದರೆ ಮೆಕ್ಸಿಕನ್ನರ ಅಂಗಡಿಗೆ ಹೋಗಬೇಕಿತ್ತು, ಕನ್ನಡ ಮಾತು ಬೇಕೆಂದರೆ ಅರ್ಧ ಟ್ಯಾಂಕ್ ಪೆಟ್ರೋಲ್ ಸುಡಬೇಕಿತ್ತು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿದ್ದ ಕಾಲ. ಬೇಸಿಗೆ ಎಂದರೆ ಬೆವರು, ಸೊಳ್ಳೆ, ಕತ್ತರಿಸಿದ ಹುಲ್ಲಿನ ವಾಸನೆ, ಸಂಜೆಯಾದರೆ ಬೀದಿಯ ಮಕ್ಕಳೆಲ್ಲ ಸೇರಿ ತೋಟಕ್ಕೆ ನೀರು ಹಾಕುವ ಪೈಪಿನ ಕೆಳಗೆ ಕುಣಿಯುವುದು. ನಮ್ಮ ಮನೆಯಲ್ಲಿ ಇವುಗಳ ಜೊತೆಗೆ ಇನ್ನೊಂದು ವಾಸನೆಯೂ ಇತ್ತು, ಕೋವಿಗೆ ಹಚ್ಚುವ ಎಣ್ಣೆಯದು.

ಕೋವಿ ಅಪ್ಪನದೆಂದು ಬಂದವರೆಲ್ಲ ತಿಳಿಯುತ್ತಿದ್ದರು. ಅಲ್ಲ, ಅದು ಅಮ್ಮನದು. ನನ್ನಮ್ಮ ಪೊನ್ನಮ್ಮ ಕೊಡಗಿನವಳು, ಲಂಗ ಹಾಕುವ ವಯಸ್ಸಿಗೇ ಅಣ್ಣಂದಿರ ಜೊತೆ ನಿಂತು ತೆಂಗಿನಕಾಯಿಗೆ ಗುರಿಯಿಟ್ಟು ಗೆದ್ದವಳು. ಅಪ್ಪ ಮೈಸೂರಿನ ಅಗ್ರಹಾರದವರು, ಮೆಕ್ಯಾನಿಕಲ್ ಎಂಜಿನಿಯರ್, ಪಕ್ಕದ ಮನೆಯ ಪಟಾಕಿಗೂ ಕಿವಿ ಮುಚ್ಚಿಕೊಳ್ಳುವ ಸಾಧುಪ್ರಾಣಿ. ಟೆಕ್ಸಸ್‌ಗೆ ಬಂದ ಹೊಸತರಲ್ಲಿ ಅಮ್ಮ ಊರಿನ ನೆನಪಿನಲ್ಲಿ ಮುಖ ಬಾಡಿಸಿಕೊಂಡಿದ್ದನ್ನು ನೋಡಲಾರದೆ, ಹಾರ್ಡ್‌ವೇರ್ ಅಂಗಡಿಯಲ್ಲಿ ಮಾರಾಟಕ್ಕಿದ್ದ ಸೈನ್ಯದ ಹಳೇ ರೈಫಲ್ ಒಂದನ್ನು ಹೊತ್ತು ತಂದರಂತೆ. "ಬೇರೆಯವರ ಗಂಡಂದಿರು ಸೀರೆ ತರ್ತಾರೆ" ಎಂದು ಅಮ್ಮ ಎಲ್ಲರೆದುರು ಅಪ್ಪನ ಕಾಲೆಳೆಯುತ್ತಿದ್ದಳು. ಹೇಳುವಾಗ ಮುಖ ಮಾತ್ರ ಅರಳಿರುತ್ತಿತ್ತು.

ಸೆಪ್ಟೆಂಬರ್ ಬಂತೆಂದರೆ ಕೈಲ್ ಮುಹೂರ್ತ. ಗದ್ದೆಯ ನಾಟಿ ಮುಗಿದ ಮೇಲೆ ಕೊಡಗಿನವರು ಕೋವಿಗಳನ್ನು ಪೂಜೆಗಿಟ್ಟು, ಬೆಂಕಿಯ ಬಣ್ಣದ ಕೋವಿ ಹೂ ಮುಡಿಸಿ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಹಬ್ಬ. ನಮ್ಮ ಹಿತ್ತಲಲ್ಲಿ ಕೋವಿ ಹೂ ಎಲ್ಲಿಂದ ಬರಬೇಕು? ಆದರೆ ಅದೇ ಹೊತ್ತಿಗೆ, ಒಂದು ಜೋರು ಮಳೆ ಬಿದ್ದ ಮೇಲೆ, ಎಲೆಯೇ ಇಲ್ಲದ ಬೋಳು ದಂಟಿನ ತುದಿಯಲ್ಲಿ ಕೆಂಪು ಲಿಲ್ಲಿಗಳು ಎದ್ದುಬಿಡುತ್ತಿದ್ದವು. "ದೇವರು ಅಡ್ಜಸ್ಟ್ ಮಾಡ್ಕೊಳ್ಳಲಿ" ಎಂದು ಅಮ್ಮ ಅದನ್ನೇ ಕೋವಿಯ ಬಾಯಿಗೆ ಸಿಕ್ಕಿಸುತ್ತಿದ್ದಳು. ಅಂದು ಮನೆ ತುಂಬ ಕಡಂಬುಟ್ಟು, ಹಂದಿಮಾಂಸದ ಪಂದಿಕರಿ. ಅಪ್ಪ ಮೇಜಿನ ಆ ತುದಿಯಲ್ಲಿ ಕೂತು, ಅಕ್ಕಿತರಿಯ ಆ ಕಡುಬನ್ನು ತಿಳಿಸಾರಿನಲ್ಲಿ ಅದ್ದಿಕೊಂಡು ಸಂತೋಷವಾಗಿ ತಿನ್ನುತ್ತಿದ್ದರು. ಊಟವಾದ ಮೇಲೆ ಕಾಯಿಗೆ ಗುಂಡು ಹೊಡೆಯಲು ಎಲ್ಲರೂ ಊರಾಚೆಯ ಫುಲ್‌ಶೀರ್ ಕಡೆಗೆ ಹೊರಡುತ್ತಿದ್ದೆವು. ಅಲ್ಲಿ ಅಪ್ಪನ ಸ್ನೇಹಿತ ಬಿಲ್ ಅಂಕಲ್ ಅವರ ಹುಲ್ಲುಗಾವಲಿತ್ತು, ಸುತ್ತ ಭತ್ತದ ಗದ್ದೆಗಳಿದ್ದವು. ಟೆಕ್ಸಸ್‌ನಲ್ಲಿ ಭತ್ತ ಎಂದರೆ ಈಗಿನವರು ನಂಬುವುದಿಲ್ಲ.

ನನಗೆ ಒಂಬತ್ತು ವರ್ಷವಾಗಿದ್ದಾಗ, ಚಳಿಗಾಲದ ಕೊನೆಗೆ, ಫ್ರೀವೇಯಲ್ಲಿ ಒಂದು ಲಾರಿ ನಮ್ಮ ಕಾರಿನ ಪಕ್ಕಕ್ಕೆ ಗುದ್ದಿತು. ಅಮ್ಮನ ಬಲಗೈ ಮೊಣಕೈ ಕೆಳಗೆ ಮುರಿಯಿತು. ಪ್ಲಾಸ್ಟರ್ ಬಿಚ್ಚಿದಾಗ ಬೆರಳುಗಳೇನೋ ಆಡುತ್ತಿದ್ದವು, ಆದರೆ ಅಂಗೈಯನ್ನು ಮೇಲ್ಮುಖ ಮಾಡಲು ಆಗುತ್ತಿರಲಿಲ್ಲ. ಇಷ್ಟೇನಾ ಎಂದುಕೊಂಡಿದ್ದೆ. ಮುಂದಿನ ಶನಿವಾರ ಪೂಜೆ ಮುಗಿಸಿ ಅಪ್ಪ ತೀರ್ಥ ಕೊಡಲು ಬಂದರು. ಅಮ್ಮ ಬಲಗೈ ತಿರುಗಿಸಲು ನೋಡಿದಳು, ಭುಜ ಎತ್ತಿ ಸೊಂಟ ವಾಲಿಸಿ ನೋಡಿದಳು, ಕೊನೆಗೆ ತಲೆ ತಗ್ಗಿಸಿ ಎಡಗೈ ಒಡ್ಡಿದಳು. ಮಡಿ, ಮೈಲಿಗೆ, ಎಡ, ಬಲ ಎಂದು ನನ್ನ ಪ್ರಾಣ ತಿನ್ನುತ್ತಿದ್ದ ಅಪ್ಪ ಆ ಎಡಗೈಗೇ ತೀರ್ಥ ಹಾಕಿದರು.

ಆ ಬೇಸಿಗೆಯೆಲ್ಲ ಅಮ್ಮ ಮಾತು ಕಡಿಮೆ ಮಾಡಿದಳು. ಕೋವಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿ ಕಬೋರ್ಡಿನ ಒಳಗಿಟ್ಟಳು. ಜುಲೈನಲ್ಲಿ ಅಪ್ಪ ಹಬ್ಬದ ಮಾತೆತ್ತಿದಾಗ, "ಈ ಸಲ ಬೇಡ ರೀ. ಇನ್ನು ಯಾವ ಸಲವೂ ಬೇಡ" ಅಂದಳು. ಅಮ್ಮನದರಂಥ ಬೋಲ್ಟ್ ರೈಫಲ್‌ನಲ್ಲಿ ಒಂದು ಗುಂಡು ಹಾರಿಸಿದ ಮೇಲೆ, ಬೋಲ್ಟ್ ಎಂಬ ಉಕ್ಕಿನ ಅಗುಳಿಗೆ ಬಲಗಡೆ ಇರುವ ಹಿಡಿಯನ್ನು ಮೇಲೆತ್ತಿ ಹಿಂದಕ್ಕೆಳೆದು ಖಾಲಿ ತೋಟಾ ಹೊರಹಾಕಬೇಕು, ಮುಂದೆ ನೂಕಿ ಕೆಳಗೆ ಮಡಚಿದರೆ ಇನ್ನೊಂದು ಒಳಗೆ ಕೂರುತ್ತದೆ. ಆ ಮೇಲೆತ್ತುವುದಕ್ಕೆ ಮಣಿಕಟ್ಟು ತಿರುಗಬೇಕು. ಅಮ್ಮನದು ತಿರುಗುತ್ತಿರಲಿಲ್ಲ.

ಅಪ್ಪ ಸುಮ್ಮನಿರುವವರಲ್ಲ. ಅಂಚೆಯಲ್ಲಿ ಹೊಸದೊಂದು ಹಿಡಿ ತರಿಸಿದರು, ಹಳೆಯದಕ್ಕಿಂತ ಉದ್ದ, ತುದಿಯ ಉಂಡೆ ದಪ್ಪ, ಎತ್ತಲು ಸುಲಭವಾಗಲೆಂದು. ಬಿಲ್ ಅಂಕಲ್ ಅವರ ಶೆಡ್ಡಿನಲ್ಲಿ ಗ್ಯಾಸ್ ವೆಲ್ಡಿಂಗ್ ಸಾಮಾನಿತ್ತು. ಹಳೇ ಹಿಡಿ ಕೊಯ್ದು, ಹೊಸದನ್ನು ಬೋಲ್ಟಿಗೆ ಬೆಸೆಯಬೇಕು. ಬೆಸೆಯುವಾಗ ಬಿಸಿ ಬೋಲ್ಟಿನ ಮುಂಭಾಗಕ್ಕೆ ಹರಿದರೆ ಉಕ್ಕು ಮೆತ್ತಗಾಗುತ್ತದೆ, ಆಮೇಲೆ ಅದನ್ನು ನಂಬಿ ಕೆನ್ನೆಯಿಟ್ಟು ಗುರಿ ಹಿಡಿಯುವ ಹಾಗಿಲ್ಲ. ಅದಕ್ಕೆ ಅಪ್ಪ ತಮ್ಮ ಹಳೇ ಪಂಚೆ ಹರಿದು, ಒದ್ದೆ ಮಾಡಿ, ಬೋಲ್ಟಿಗೆ ಬಿಗಿಯಾಗಿ ಸುತ್ತಿದರು. ಶೆಡ್ಡೆಲ್ಲ ಒಗೆದ ಬಟ್ಟೆಗೆ ಇಸ್ತ್ರಿ ಹಾಕಿದ ವಾಸನೆ.

ನಾನು ಬೇಸರದಿಂದ, "ವೈ ಡೋಂಟ್ ಯು ಜಸ್ಟ್ ಬೈ ಎ ನ್ಯೂ ಒನ್?" ಎಂದು ಕೇಳಿದೆ.

"ಹೊಸಾದ್ರಲ್ಲೂ ಹಿಡಿ ಹೀಗೇ ಇರತ್ತೆ ಪುಟ್ಟಿ. ಅದೂ ನಿಮ್ಮಮ್ಮನ ಕೈ ನೋಡಿರಲ್ಲ" ಅಂದರು ಅಪ್ಪ.

ಬೆಸೆದು ನಮ್ಮ ಗ್ಯಾರೇಜಿಗೆ ತಂದ ಮೇಲೆ ನೋಡಿದರೆ, ಹಿಡಿ ಮಡಚಿದಾಗ ಕೋವಿಯ ಮರಕ್ಕೆ ತಾಗುತ್ತಿತ್ತು. ತಾಗಿದರೆ ಬೋಲ್ಟ್ ಪೂರ್ತಿ ಮುಚ್ಚುವುದಿಲ್ಲ. ಎಲ್ಲಿ ತಾಗುತ್ತದೆಂದು ಕಣ್ಣಿಗೆ ಕಾಣುವುದೂ ಇಲ್ಲ. ಅಪ್ಪ ಅಮ್ಮನ ಕಾಡಿಗೆ ಡಬ್ಬಿ ಎತ್ತಿಕೊಂಡು ಬಂದರು. ಹರಳೆಣ್ಣೆ ದೀಪದ ಮಸಿಯಿಂದ ಅಮ್ಮನೇ ಮನೆಯಲ್ಲಿ ಮಾಡಿದ ಕಾಡಿಗೆ. ಅದನ್ನು ಹಿಡಿಗೆ ತೆಳ್ಳಗೆ ಸವರಿ ಮಡಚುವುದು, ಎತ್ತುವುದು, ಮರದ ಮೇಲೆ ಕಪ್ಪು ಮೂಡಿದ ಕಡೆ ಅರದಿಂದ ಉಜ್ಜುವುದು, ಮತ್ತೆ ಕಾಡಿಗೆ. ಅಪ್ಪನ ಹಣೆ, ಕೆನ್ನೆ, ಬನಿಯನ್ನು ಎಲ್ಲ ಕಪ್ಪಾಗಿ, ಅಮ್ಮ ತಿಂಗಳುಗಳ ನಂತರ ಮೊದಲ ಸಲ ನಕ್ಕಳು. "ದೃಷ್ಟಿ ಆಗೋ ಅಷ್ಟು ಚೆಂದ ಇದ್ದೀರ ಬಿಡಿ" ಅಂದಳು.

ಕೆಲಸ ಮುಗಿದಾಗ ಹಿಡಿ ಬೆಳ್ಳಿಯ ಚಮಚದಂತೆ ಮಿನುಗುತ್ತ ಮರಕ್ಕೆ ಅಂಟಿದ ಹಾಗೆ ಕೂತಿತ್ತು. ನೋಡಲು ಬಂದ ಬಿಲ್ ಅಂಕಲ್ ಶಿಳ್ಳೆ ಹಾಕಿದರು. ಅಮ್ಮ ಅಡುಗೆಮನೆಯ ಮೇಜಿನ ಮೇಲೆ ಖಾಲಿ ಕೋವಿಯನ್ನಿಟ್ಟುಕೊಂಡು ಹಿಡಿ ಎತ್ತಲು ನೋಡಿದಳು. ಬೆರಳು ಕೆಳಗೆ ತೂರಲಿಲ್ಲ, ಕೈ ತಿರುಗಲಿಲ್ಲ. ಇನ್ನೊಮ್ಮೆ ನೋಡಿದಳು. ಮೂಗಿನ ಮೇಲೆ ಬೆವರು ಕಟ್ಟಿತು.

"ಚೆನ್ನಾಗಿದೆ. ನೋಡಕ್ಕೆ" ಎಂದು ಎದ್ದು ಹೋದಳು.

ಅಪ್ಪ ಎರಡು ದಿನ ಗ್ಯಾರೇಜಿಗೆ ಕಾಲಿಡಲಿಲ್ಲ. ಆಫೀಸಿನಿಂದ ಬಂದು ಕಾಫಿ ಹಿಡಿದು ಕಿಟಕಿಯ ಹತ್ತಿರ ನಿಲ್ಲುತ್ತಿದ್ದರು. ಅಮ್ಮ ಒಗೆದ ಬಟ್ಟೆಯ ಬುಟ್ಟಿ ಎಡ ಸೊಂಟಕ್ಕಿಟ್ಟುಕೊಂಡು ಹಿತ್ತಲಿಗೆ ಹೋಗುವವಳು. ಹಿತ್ತಲ ಗೇಟಿಗೆ ಎತ್ತಿ ತೆಗೆಯುವ ಅಗುಳಿ. ಒಂದು ಸಂಜೆ ಅಪ್ಪ ಕಾಫಿ ಅರ್ಧಕ್ಕೇ ಬಿಟ್ಟು ಓಡಿದರು. ಅಮ್ಮ ಆ ಅಗುಳಿಯನ್ನು ಬೆರಳಿಂದ ಹಿಡಿಯದೆ, ಹೆಬ್ಬೆರಳು ತೋರುಬೆರಳಿನ ಸಂದಿಯನ್ನು ಅದರ ಕೆಳಗೆ ಕೊಟ್ಟು, ಮೊಣಕೈಯಿಂದ ಇಡೀ ತೋಳನ್ನೇ ಎತ್ತುತ್ತಿದ್ದಳು. ಮಣಿಕಟ್ಟಿಗೆ ಕೆಲಸವೇ ಇಲ್ಲ.

"ಪೊನ್ನಿ, ಅಲ್ಲೇ ನಿಲ್ಲು! ಇನ್ನೊಂದ್ಸಲ ತೆಗಿ!"

"ಏನಾಯ್ತು ರೀ, ಹಾವಾ?"

ಅಪ್ಪ ಟೇಪು ತಂದು ಅವಳ ಕೈಯನ್ನು ಅಲ್ಲಿ ಅಳೆದರು, ಇಲ್ಲಿ ಅಳೆದರು, ಮೊಣಕೈ ಎಷ್ಟು ಏಳುತ್ತದೆಂದು ನೋಡಿದರು. ಅಮ್ಮನಿಗೆ ರೇಗಿತು. "ನನ್ನ ಕೈ ರಿಪೇರಿ ಮಾಡಕ್ಕಾಗದೆ ಕೋವಿ ರಿಪೇರಿ ಮಾಡ್ತಿದೀರಾ?" ಅಂದಳು. ಅವಳ ಕಣ್ಣಲ್ಲಿ ನೀರಿತ್ತು.

"ಹೌದು ಕಣೇ. ಕೈ ನನ್ನ ಡಿಪಾರ್ಟ್‌ಮೆಂಟ್ ಅಲ್ಲ. ಇದು ನನ್ನದು."

ಹೊಳೆಯುತ್ತಿದ್ದ ಹಿಡಿಯನ್ನು ಕಾಯಿಸಿ ಕಿತ್ತರು. ಬೋಲ್ಟ್ ಪೂರ್ತಿ ಮುಚ್ಚಿದಾಗಲೂ ಹಿಡಿ ಮರದಿಂದ ದೂರ, ಹೊರಕ್ಕೆ ಚಾಚಿ, ಸ್ವಲ್ಪ ಮೇಲಕ್ಕೇ ನಿಲ್ಲುವಂತೆ ಕೋನ ಬದಲಿಸಿ ಮತ್ತೆ ಬೆಸೆದರು. ಮತ್ತೆ ಪಂಚೆ, ಮತ್ತೆ ಅರ. ಪ್ರತಿ ಸಂಜೆ ಅಮ್ಮನನ್ನು ಕರೆಯುವುದು, ಅವಳು ಕೈ ಕೊಟ್ಟು ನೋಡುವುದು, "ಇನ್ನೊಂಚೂರು ಹಿಂದೆ" ಎನ್ನುವುದು. ಮೊದಮೊದಲು ಗೊಣಗುತ್ತ ಬರುತ್ತಿದ್ದವಳು ಆಮೇಲೆ ಕರೆಯದೆಯೇ ಬರತೊಡಗಿದಳು. ಬಿಲ್ ಅಂಕಲ್ ನೋಡಿ, "ಇದು ಸೊಟ್ಟಗಿದೆಯಲ್ಲಯ್ಯಾ" ಎಂದು ಇಂಗ್ಲಿಷಿನಲ್ಲಿ ಪೇಚಾಡಿದರು. ಅಪ್ಪ ಅರ ಉಜ್ಜುತ್ತಲೇ ಇದ್ದರು.

ಹಬ್ಬದ ದಿನ ಫುಲ್‌ಶೀರ್‌ನಲ್ಲಿ ಕೊಯ್ದ ಭತ್ತದ ಕೂಳೆ ಚಿಗುರಿ ಗದ್ದೆ ಎಳೆ ಹಸಿರಾಗಿತ್ತು. ಬಿಲ್ ಅಂಕಲ್ ಮಣ್ಣಿನ ದಿಬ್ಬದ ಮುಂದೆ ಕಂಬಕ್ಕೆ ತೆಂಗಿನಕಾಯಿ ಕಟ್ಟಿದರು. ಅಮ್ಮ ನಿಂತಳು. ಅಪ್ಪ ದೂರ ಹೋಗಿ ಎರಡೂ ಕಿವಿಗೆ ಬೆರಳಿಟ್ಟರು. ಮೊದಲ ಗುಂಡು ದಿಬ್ಬದ ಮಣ್ಣು ಹಾರಿಸಿತು, ಕಾಯಿ ಅಲ್ಲಾಡಲಿಲ್ಲ. ಯಾರೂ ಕಾಯಿ ನೋಡುತ್ತಿರಲಿಲ್ಲ. ಅಪ್ಪ ಕಿವಿಯಿಂದ ಬೆರಳು ತೆಗೆದರು. ಅಮ್ಮನ ಕೈ ಹಿಡಿಯ ಕೆಳಗೆ ಹೋಯಿತು, ಮೊಣಕೈ ಎದ್ದಿತು, ಹಿಡಿಯೂ ಎದ್ದಿತು. ಖಾಲಿ ತೋಟಾ ಹಾರಿ ಹುಲ್ಲಿಗೆ ಬಿತ್ತು. ಬೋಲ್ಟ್ ಮುಚ್ಚಿದ ಸದ್ದು ಕೇಳಿ ಅಪ್ಪ "ಹಾ!" ಅಂದರು. ಕಿವಿ ಮುಚ್ಚಿಕೊಳ್ಳುವುದನ್ನೇ ಮರೆತಿದ್ದರು, ಎರಡನೇ ಗುಂಡಿನ ಸದ್ದಿಗೆ ಬೆಚ್ಚಿ ಹಿಂದಕ್ಕೆ ಬಿದ್ದರು. ಕಾಯಿ ಒಡೆದು ನೀರು ಕಂಬದ ಮೇಲೆ ಇಳಿಯುತ್ತಿತ್ತು. ಅಮ್ಮ ಕೋವಿ ಕೆಳಗಿಟ್ಟು, ಹುಲ್ಲಿನ ಮೇಲೆ ಕೂತಿದ್ದ ಅಪ್ಪನನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುತ್ತಲೇ ಅತ್ತಳು.

ಈಗ ಇಬ್ಬರೂ ಇಲ್ಲ. ಆ ಗದ್ದೆಗಳ ಜಾಗದಲ್ಲಿ ಒಂದೇ ಬಣ್ಣದ ಮನೆಗಳ ಸಾಲುಗಳು. ಕೋವಿ ಅಲೆನ್ ಊರಿನ ನನ್ನ ಮನೆಯಲ್ಲಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿದೆ. ಹೋದ ತಿಂಗಳು ನನ್ನ ಮಗ ಅದನ್ನು ತೆಗೆದು ನೋಡಿ, "ಮಾಮ್, ದಿಸ್ ಹ್ಯಾಂಡಲ್ ಈಸ್ ಆಲ್ ರಾಂಗ್. ಸರಿ ಮಾಡಿಸಿ ಕೊಡ್ಲಾ?" ಎಂದು ಕೇಳಿದ. ಒಳ್ಳೆಯ ಹುಡುಗ. ನಾನೂ ಎತ್ತಿ ನೋಡಿದೆ. ನಿಜ, ನನ್ನ ಕೈಗೂ ಅದು ಅಡ್ಡವೇ ಬರುತ್ತದೆ, ನನ್ನ ಮಣಿಕಟ್ಟು ತಿರುಗುತ್ತದಲ್ಲ. ಬೇಡ ಕಂದ ಅಂದೆ.

ನನಗೂ ಅರವತ್ತು ದಾಟಿದೆ. ಭುಜ ಹಿಡಿದುಕೊಳ್ಳುತ್ತದೆ, ಮೇಲಿನ ಶೆಲ್ಫಿನ ಡಬ್ಬಿ ಕೈಗೆ ಎಟುಕುವುದಿಲ್ಲ. ಹೇಳಿದರೆ ಮಕ್ಕಳು ಮಾರನೆಯ ದಿನವೇ ಏನಾದರೂ ಉಪಕರಣ ಆರ್ಡರ್ ಮಾಡಿ ಕಳಿಸುತ್ತಾರೆ. ಹೇಳದೇ ಇದ್ದಾಗಲೂ ನನ್ನ ಕೈಯನ್ನೇ ನೋಡಿ ತಿಳಿದುಕೊಂಡು, ಮುಖಕ್ಕೆಲ್ಲ ಮಸಿ ಮಾಡಿಕೊಂಡು ವಾರಗಟ್ಟಲೆ ಅರ ಹಿಡಿದು ಕೂರುವವರು ನನಗೆ ಯಾರೂ ಇಲ್ಲ. ಅಮ್ಮನಿಗೆ ಇದ್ದರು.