ಬಲ್ಬಿನ ಸುತ್ತ ಬಣ್ಣದ ಬಳೆ

ಲೊಟ ಲೊಟ, ಲೊಟ ಲೊಟ. ಒಣಗಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವ ಸದ್ದು ಅದು. ವರ್ಷವಿಡೀ ಅಟ್ಟದ ಮೇಲಿದ್ದ ಕಾಯಿಯೊಳಗೆ ನೀರು ಇಂಗಿ, ಕೊಬ್ಬರಿ ಚಿಪ್ಪನ್ನು ಬಿಟ್ಟು ಉಂಡೆಯಾಗಿದ್ದರೆ ಹಾಗೆ ಸದ್ದು ಬರುತ್ತದೆ. ಬಾರದಿದ್ದರೆ ಕಾಯಿ ಮತ್ತೆ ಅಟ್ಟಕ್ಕೆ. 1997ರಲ್ಲಿ ನಾನು ತಿಪಟೂರಿನ ಒಂದು ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಲೆಕ್ಚರರ್ ಆಗಿದ್ದೆ. ಬಾಡಿಗೆ ಮನೆಗೆ ಹೊಂದಿಕೊಂಡೇ ಕೊಬ್ಬರಿ ಸುಲಿಯುವ ಶೆಡ್ಡು. ಬೆಳಗಿನ ಕಾಫಿಯ ಜೊತೆ ಆ ಸದ್ದು ತಪ್ಪದೆ ಬರುತ್ತಿತ್ತು. ಆಗ ಅದು ನನಗೆ ಬರೀ ನ್ಯೂಸೆನ್ಸ್.

ಕಾನ್ವೆಂಟಿನಲ್ಲಿ ನನಗೆ ಇಂಗ್ಲಿಷ್ ಕಲಿಸಿದ ಸಿಸ್ಟರ್, ಹೊಳೆಯುವುದೆಲ್ಲವನ್ನೂ 'ಶೈನ್' ಎಂದು ಬರೆದರೆ ಪುಸ್ತಕ ಹಿಂದಕ್ಕೆ ಎಸೆಯುತ್ತಿದ್ದರು. ಆ ಶಿಸ್ತನ್ನು ನಾನು ತಿಪಟೂರಿಗೂ ತಂದೆ. ಒದ್ದೆಯಾದದ್ದು ಹೊಳೆದರೆ ಗ್ಲಿಸನ್, ಆಗತಾನೆ ಒಡೆದ ಹಸಿ ಕಾಯಿಯ ತಿರುಳಿನಂತೆ. ಹುಣಿಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆ ಬಿಂದಿಗೆಯದು ಗ್ಲೀಮ್. ಮಚ್ಚಿನ ಅಲಗಿನಿಂದ ಒಂದು ಕ್ಷಣ ಚಿಮ್ಮುವುದು ಗ್ಲಿಂಟ್. ಚಿಪ್ಪಿನ ಕೆಂಡದ್ದು ಗ್ಲೋ. ಕಣ್ಣಿಗೆ ಚುಚ್ಚುವುದು ಗ್ಲೇರ್. ಇದೆಯೋ ಇಲ್ಲವೋ ಎನ್ನುವಂತೆ ಮಿಣುಕುವುದು ಗ್ಲಿಮರ್. ನಮ್ಮ ಥಳಥಳ, ಮಿರಮಿರ, ಝಗಝಗಗಳಂತೆಯೇ ಇವೂ ಹಟಮಾರಿಗಳು. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಪ್ರತಿ ಸೋಮವಾರ ಮಕ್ಕಳು ತಮ್ಮ ಮನೆಯಲ್ಲಿ ಹೊಳೆಯುವ ಒಂದು ವಸ್ತುವನ್ನು ನೋಡಿ, ಅದಕ್ಕೆಂದೇ ಇಟ್ಟ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಮೂರು ವಾಕ್ಯ ಬರೆದು ತರಬೇಕು. ಕಂಡದ್ದನ್ನೇ ಬರೆಯಬೇಕು, ಇದು ನನ್ನ ರೂಲ್.

ಬಿಳಿಗೆರೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಗಿರಿಜಾ ಆ ಪುಸ್ತಕವನ್ನು ಪ್ರೀತಿಯಿಂದ ಬರೆಯುತ್ತಿದ್ದಳು. ತಾಯಿ ನಿಂಗಮ್ಮ ಕೊಬ್ಬರಿ ಸುಲಿಯುವ ಹೆಂಗಸು. ನಸುಕಿನಲ್ಲಿ ಗಿರಿಜಾಳೂ ಶೆಡ್ಡಿನಲ್ಲಿ ಕೈಹಚ್ಚಿ, ಆಮೇಲೆ ಕಾಲೇಜಿಗೆ ಬರುತ್ತಿದ್ದಳು. ಕಾಯಿಯ ನಾರಿನ ಧೂಳಿಗೆ ಅವಳ ಕಣ್ಣು ಸದಾ ಕಡಿಯುತ್ತಿತ್ತು. ಬ್ಯಾಗಿನಲ್ಲಿ ಒಂದು ಡ್ರಾಪ್ಸ್ ಬಾಟಲಿ ಇರುತ್ತಿತ್ತು. ಎರಡು ಪೀರಿಯಡ್‌ಗಳ ನಡುವೆ ತಲೆ ಹಿಂದಕ್ಕೆ ವಾಲಿಸಿ ಹಾಕಿಕೊಳ್ಳುವುದನ್ನು ನಾನೇ ಎಷ್ಟೋ ಸಲ ನೋಡಿದ್ದೆ.

ಸೆಕೆಂಡ್ ಪಿಯುಸಿಯ ಒಂದು ಸೋಮವಾರ ಅವಳು ಬರೆದಿದ್ದಳು: ಬೆಳಿಗ್ಗೆ ಶೆಡ್ಡಿನ ಬಲ್ಬಿನ ಸುತ್ತ ಬಣ್ಣಬಣ್ಣದ ಬಳೆಗಳು ಗ್ಲೋ ಆಗುತ್ತವೆ, ಹೊರಗೆ ಕೆಂಪು, ಒಳಗೆ ನೀಲಿ. ನಾನು ಕೆಂಪು ಇಂಕಿನಲ್ಲಿ ಮೂರೂ ವಾಕ್ಯ ಹೊಡೆದುಹಾಕಿದೆ. 'ಬಳೆ ಕಟ್ಟುವುದು ಚಂದ್ರನಿಗೆ, ಬಲ್ಬಿಗಲ್ಲ. ಡೋಂಟ್ ಇನ್ವೆಂಟ್' ಎಂದು ಪಕ್ಕದಲ್ಲಿ ಬರೆದೆ. ಸಾಲದೆಂದು ಕ್ಲಾಸಿನಲ್ಲಿ ಓದಿಯೂ ಹೇಳಿದೆ.

"ಲೇ ಗಿರಿಜಾ, ನಿಮ್ ಶೆಡ್ ಒಳ್ಗೇ ಕಾಮನಬಿಲ್ಲು ಕಟ್ಟೈತೇನೇ? ಟಿಕೇಟ್ ಇಟ್ರೆ ನಾವೂ ಬತ್ತೀವಿ ಕಣೇ," ಎಂದಳು ಹಿಂದಿನ ಬೆಂಚಿನವಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

"ಕಂಡಿದ್ದನ್ನೇ ಬರ್ದೆ ಮೇಡಂ," ಎಂದಳು ಗಿರಿಜಾ.

"ಸರಿಯಾಗಿ ನೋಡು, ಆಮೇಲೆ ಬರಿ," ಎಂದೆ.

ಮುಂದಿನ ಸೋಮವಾರ ಅವಳ ಪುಸ್ತಕದಲ್ಲಿ ಬಲ್ಬು ಸುಮ್ಮನೆ ಉರಿಯುತ್ತಿತ್ತು, ಬಳೆಯಿರಲಿಲ್ಲ. ನಾನು 'ವೆರಿ ಗುಡ್' ಹಾಕಿದೆ. ಅಲ್ಲಿಂದಾಚೆಗೆ ಅವಳು ಬರೆದದ್ದೆಲ್ಲ ಹಾಗೇ ಇತ್ತು, ತಪ್ಪಿಲ್ಲದೆ. ಬುದ್ಧಿವಂತ ಹುಡುಗಿ. ಮೇಡಂಗೆ ಏನು ಕಾಣಬೇಕೋ ಅದನ್ನು ಬರೆಯಲು ಕಲಿತುಬಿಟ್ಟಿದ್ದಳು.

ಏಳೆಂಟು ತಿಂಗಳ ಮೇಲೆ ಪ್ರಿಪರೇಟರಿ ಪರೀಕ್ಷೆಯಲ್ಲಿ ನಾನು ಸೂಪರ್‌ವೈಸರ್. ಗಿರಿಜಾಳ ಸಾಲುಗಳು ಓರೆಯಾಗಿ ಇಳಿದು, ಕಾಗದ ದಾಟಿ ಡೆಸ್ಕಿನ ಮೇಲೂ ಹೋಗಿದ್ದವು. ಬೈಯಲೆಂದು ಅವಳ ಬಲಪಕ್ಕದಲ್ಲಿ ಹೋಗಿ ನಿಂತೆ. ನಾನು ನಿಂತಿರುವುದು ಅವಳಿಗೆ ಗೊತ್ತೇ ಆಗಲಿಲ್ಲ.

ಊರಿನ ಡಾಕ್ಟರು ನೋಡಿದವರೇ ಬೆಂಗಳೂರಿನ ದೊಡ್ಡ ಕಣ್ಣಾಸ್ಪತ್ರೆಗೆ ಬರೆದುಕೊಟ್ಟರು. ಮಾರನೆಯ ದಿನ ತಾಯಿ ಮಗಳ ಜೊತೆ ನಾನೂ ರೈಲು ಹತ್ತಿದೆ. ಅಲ್ಲಿ ಕಣ್ಣಿನೊಳಗಿನ ಪ್ರೆಷರ್ ಅಳೆದರು. ಒಬ್ಬರು ಅಳೆದದ್ದನ್ನು ನಂಬದೆ ಇನ್ನೊಬ್ಬರು ಅಳೆದರು. ಆಮೇಲೆ ಡಾಕ್ಟರು ಗಿರಿಜಾಳನ್ನು ಕೇಳಿದರು: "ದೀಪದ ಸುತ್ತ ಬಣ್ಣದ ಬಳೆ ಥರ ಏನಾದ್ರೂ ಕಾಣ್ತಿತ್ತೇನಮ್ಮಾ?"

ಅವಳು ನಾನಿದ್ದ ಕಡೆಗೆ ಮುಖ ತಿರುಗಿಸಿದಳು. "ಇಲ್ಲ ಸಾರ್," ಎಂದಳು.

"ಕಾಣ್ತಿತ್ತು ಡಾಕ್ಟ್ರೇ," ಎಂದೆ. "ಅವಳು ಬರೆದಿದ್ದಳು. ಹೊಡೆದುಹಾಕಿದವಳು ನಾನು."

ಕಾಯಿಲೆಯ ಹೆಸರು ಗ್ಲೂಕೋಮಾ. ಕಣ್ಣಿನ ಒತ್ತಡ ಏರಿ, ಹಿಂದಿನ ನರವನ್ನು ಸ್ವಲ್ಪ ಸ್ವಲ್ಪವಾಗಿ ಸಾಯಿಸುತ್ತದೆ. ಸತ್ತ ನರ ಮರಳಿ ಬರುವುದಿಲ್ಲ. ಅವಳಿಗೆ ಅದನ್ನು ತಂದದ್ದು ಆ ಡ್ರಾಪ್ಸ್. ಅದರಲ್ಲಿ ಸ್ಟೀರಾಯ್ಡ್ ಇತ್ತು. ನಿಂಗಮ್ಮ ಸೆರಗಿನ ಗಂಟು ಬಿಚ್ಚಿ ಖಾಲಿ ಬಾಟಲಿ ತೋರಿಸಿದರು.

"ಕಣ್ ಕಡೀತವೆ ಅಂದ್ರೆ ಅಂಗಡೀಲಿ ಇದ್ನೇ ಕೊಟ್ರು ಕಣ್ರೀ. ಹಾಕಿದ್ ಗಳಿಗೇಲೇ ತಣ್ಗಾಯ್ತಿತ್ತು. ಮೂರ್ ವರ್ಷದಿಂದ ದೇವ್ರ ಗೂಡಲ್ಲಿಟ್ಕಂಡು ಹಾಕ್ತಿದ್ವಿ. ಸೆಡ್ಡಲ್ಲಿ ಎಲ್ರೂ ಹಾಕ್ತಾರೆ ಸಾಮಿ."

"ಬಳೆ ಕಂಡಾಗಲೇ ಕರ್ಕೊಂಡು ಬಂದಿದ್ರೆ?" ಎಂದು ನಾನು ಕೇಳಿದೆ. ಕೇಳದೆ ಇರಬಹುದಿತ್ತು.

"ಡ್ರಾಪ್ಸ್ ನಿಲ್ಸಿ ಔಷಧಿ ಕೊಟ್ಟಿದ್ರೆ ಬಹಳಷ್ಟು ಉಳೀತಿತ್ತು," ಎಂದರು ಡಾಕ್ಟರು. ಕೋಪವಿರಲಿಲ್ಲ ಅವರಿಗೆ. ಇನ್ನೊಬ್ಬ ಪೇಷೆಂಟನ್ನು ಕರೆದರು.

ಎರಡೂ ಕಣ್ಣಿಗೆ ಆಪರೇಷನ್ ಆಯಿತು. ಬಲಗಣ್ಣು ಆಗಲೇ ಹೋಗಿತ್ತು. ಎಡಗಣ್ಣು ಎರಡು ವರ್ಷ ಎಳೆದಾಡಿ ಸೋತಿತು. ಗಿರಿಜಾ ಪರೀಕ್ಷೆ ಬರೆಯಲಿಲ್ಲ. ಬಿಳಿಗೆರೆಯ ಶೆಡ್ಡುಗಳಿಗೆ ಹೋಗಿ ಆ ಬಾಟಲಿಗಳನ್ನು ಎಸೆಯಿರಿ ಎಂದು ಹೇಳಿಬಂದೆ. ಕೆಲವರು ಎಸೆದರು. ಸೋಮವಾರದ ಪುಸ್ತಕವನ್ನು ಮಾತ್ರ ನಿಲ್ಲಿಸಲಿಲ್ಲ. ಆದರೆ ಯಾರಾದರೂ ವಿಚಿತ್ರವಾದದ್ದೊಂದನ್ನು ಬರೆದರೆ ಪೆನ್ನು ಕೆಳಗಿಟ್ಟು, ಕರೆದು ಕೂರಿಸಿ, 'ಎಲ್ಲಿ ನೋಡಿದೆ, ಹೇಗಿತ್ತು ಹೇಳು' ಎಂದು ಕೇಳಿದ ಮೇಲೆಯೇ ತಿದ್ದುತ್ತಿದ್ದೆ. ಮೂವತ್ತೊಂದು ವರ್ಷದ ಕೆಲಸ ನನಗೆ ಕಲಿಸಿದ್ದು ಇಷ್ಟೇ. ತಡವಾಗಿ ಕಲಿಸಿತು, ಇನ್ನೊಬ್ಬರ ಕಣ್ಣು ತೆತ್ತು ಕಲಿಸಿತು.

ರಿಟೈರ್ ಆಗಿ ತಿಪಟೂರು ಬಿಡುವ ವಾರ, 2004ರಲ್ಲಿ, ಬಿಳಿಗೆರೆಗೆ ಹೋದೆ. ಶೆಡ್ಡಿನ ಬಾಗಿಲಿಗೆ ಮುಖ ಮಾಡಿ ಗಿರಿಜಾ ಕೂತಿದ್ದಳು, ಎರಡು ಗುಡ್ಡೆಗಳ ನಡುವೆ. ಒಂದೊಂದೇ ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, ಸದ್ದು ಬಂದದ್ದನ್ನು ಎಡಕ್ಕೆ, ಬಾರದ್ದನ್ನು ಬಲಕ್ಕೆ ಇಡುತ್ತಿದ್ದಳು.

"ಇವಳ ಕಿವಿ ತಪ್ಪಲ್ಲ ಕಣ್ರಮ್ಮ. ಕಣ್ಣಿರೋ ನಾವೇ ಇವಳ್ನ ಕೇಳ್ತೀವಿ," ಎಂದಳು ಪಕ್ಕದ ಹೆಂಗಸು.

ನಾನು ಹತ್ತಿರ ಕೂತು ಕೇಳಿದೆ, ಬೆಳಕು ಏನಾದರೂ ಗೊತ್ತಾಗುತ್ತದೆಯೇ ಎಂದು.

"ಬಾಗ್ಲ ಕಡೆ ಒಂಚೂರು, ಮೇಡಂ." ಪದಕ್ಕಾಗಿ ಸ್ವಲ್ಪ ತಡೆದಳು. "ಗ್ಲಿಮರ್. ಸರೀನಾ?"

ದನಿಯಲ್ಲಿ ಕೊಂಕಿರಲಿಲ್ಲ. ಹದಿನೇಳರ ವಯಸ್ಸಿನಲ್ಲಿ ಪುಸ್ತಕ ಒಪ್ಪಿಸಿ ನಿಲ್ಲುತ್ತಿದ್ದಳಲ್ಲ, ಹಾಗೇ ಕಾದಳು.

"ಸರಿ," ಎಂದೆ.

ಅವಳು ತಲೆಯಾಡಿಸಿ, ಮುಂದಿನ ಕಾಯಿಯನ್ನು ಕಿವಿಗೆ ಹಿಡಿದಳು.