ಹೊಲದ ಅಂಗಿ ಹೊಲಿದ ವಿಶಾಖಾ

ಮಾನ್ವಿಯ ವಿಶಾಖಾ ಮಾತಿನಲ್ಲಿ ಇದುವರೆಗೆ ಯಾರಿಗೂ ಸೋತವಳಲ್ಲ. ಹೊಲಿಗೆ ಯಂತ್ರ ತುಳಿಯುತ್ತಲೇ ಮಾತಾಡುತ್ತಾಳೆ. ಯಂತ್ರ ನಿಂತರೂ ಅವಳು ನಿಲ್ಲುವುದಿಲ್ಲ. ರವಿಕೆಗೆ ಅಳತೆ ಕೊಡಲು ಬಂದವರು ಅರ್ಧ ಊರಿನ ಸುದ್ದಿ ಹೊತ್ತುಕೊಂಡು ಹೋಗುತ್ತಾರೆ. ಬುದ್ಧನ ಕಾಲದ ಮಹಾದಾನಿಯೊಬ್ಬಳ ಹೆಸರೆಂದು ಅಪ್ಪ ಆಸೆಪಟ್ಟು ಇಟ್ಟ ಹೆಸರು ಅದು. ಮಗಳೂ ದಾನದಲ್ಲಿ ಹಿಂದೆ ಬೀಳಲಿಲ್ಲ, ದಾನ ಮಾಡಿದ್ದು ಮಾತ್ರ ಸಲಹೆಗಳನ್ನು.

ಕಳೆದ ವರ್ಷ ಹತ್ತಿ ಒಡೆಯುವ ಮುಂಚೆ ಅವಳಿಗೊಂದು ಐಡಿಯಾ ಬಂತು. ಹತ್ತಿ ಬಿಡಿಸುವ ಹೆಂಗಸರು ಹಳೆಯ ಸೀರೆಯನ್ನು ಸೊಂಟಕ್ಕೆ ಉಡಿಯಂತೆ ಕಟ್ಟಿಕೊಂಡು, ಬಿಡಿಸಿದ ಹತ್ತಿಯನ್ನು ಅದರಲ್ಲಿ ತುಂಬುತ್ತಾರೆ. ಅದರ ಬದಲು ಕೊರಳಿಗೆ ಹಾಕಿಕೊಳ್ಳುವಂಥ, ಮುಂದೆ ದೊಡ್ಡ ಚೀಲವಿರುವ ಉಡಿಯನ್ನೇ ಹೊಲಿದು ಮಾರಿದರೆ? ನೀಲಿ ನೈಲಾನ್ ಬಟ್ಟೆಯಲ್ಲಿ ಒಂದನ್ನು ಹೊಲಿದಳು. ಎರಡನೆಯದನ್ನು ಹೊಲಿಯುವ ಮೊದಲೇ ‘ವಿಶಾಖಾ ಉಡಿ’ ಎಂದು ಹೆಸರಿಟ್ಟು, ಹತ್ತಿಕಾಯಿಯ ಚಿತ್ರ ಬರೆಸಿ, ವಾಟ್ಸಾಪಿನಲ್ಲಿ ತನ್ನ ಮುಖ ಇದ್ದ ಜಾಗಕ್ಕೆ ಅದನ್ನು ಹಾಕಿಬಿಟ್ಟಳು.

ಅವಳ ಗಂಡ ಕಿರಣಕುಮಾರ ಹೈಸ್ಕೂಲಿನ ಗುಮಾಸ್ತ, ತಿಳಿವಳಿಕೆಯುಳ್ಳ ಮನುಷ್ಯ. ಉಡಿಯನ್ನೊಮ್ಮೆ, ಹೆಂಡತಿಯ ಮುಖವನ್ನೊಮ್ಮೆ ನೋಡಿ, “ಭಾರಿ ಆಗ್ಯಾದ” ಎಂದ. ಓಣಿಯವರೂ ಹಾಗೆಯೇ ಅಂದರು.

ಅದೇ ಹುರುಪಿನಲ್ಲಿ ಅವಳು ರಾಯಚೂರಿಗೆ ಹೋದಳು. ಸ್ವಂತ ಉದ್ಯೋಗ ಮಾಡುವ ಹೆಂಗಸರಿಗೆ ಅಲ್ಲೊಂದು ತರಬೇತಿ ನಡೆದಿತ್ತು. ಮೊದಲ ದಿನ ಪರಸ್ಪರ ಪರಿಚಯ. ವಿಶಾಖಾ ಎದ್ದು ನಿಂತವಳು ಉಡಿಯ ಗುಣಗಾನ ಮಾಡಿ ಕೂತಾಗ ಚಹಾ ಆರಿತ್ತು; ಪಕ್ಕದಲ್ಲಿದ್ದ ದೇವದುರ್ಗದ ರಾಧಾಳಿಗೆ ತನ್ನ ಹೆಸರನ್ನಷ್ಟೇ ಹೇಳುವ ಭಾಗ್ಯ ಸಿಕ್ಕಿತು.

ತರಬೇತಿ ಕೊಡುವ ವಿನೋದ ಸರ್ ತಾಳ್ಮೆಯಿಂದ ಕೇಳಿದರು. “ಚಲೋ ಹೇಳಿದ್ರಿ ಅಕ್ಕಾರ. ಈಗ ಇದನ್ನ ಯಾರ್ಯಾರಿಗಿ ತೋರಿಸೀರಿ?”

“ನಮ್ಮ ಮನಿಯವ್ರಿಗಿ, ನಮ್ಮ ಅತ್ತಿಗಿ, ಓಣ್ಯಾಗಿನವ್ರಿಗಿ. ಎಲ್ಲಾರೂ ಭಾರಿ ಅದ ಅಂದ್ರು ಸರ್!”

“ಅವರೆಲ್ಲ ನಿಮ್ಮ ಮನ್ಯಾಗ ಚಹಾ ಕುಡದವ್ರು. ಚಹಾ ಕುಡದ ಬಾಯಿ ಚಲೋನೇ ಅಂತದ. ಹತ್ತಿ ಬಿಡಸವ್ರನ್ನ ಕೇಳೀರೇನು?”

ಎಲ್ಲರೂ ನಕ್ಕರು. ವಿಶಾಖಾ ಉಡಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಊಟದ ಹೊತ್ತಿಗೆ ರಾಧಾ ತಾನೇ ಹತ್ತಿರ ಬಂದಳು. ಅವಳದು ರೊಟ್ಟಿ ಮಾಡಿ ಅಂಗಡಿಗಳಿಗೆ ಕೊಡುವ ವ್ಯಾಪಾರ. “ನಮ್ಮತ್ತಿ ರೇಣುಕಮ್ಮ ಹತ್ತಿ ಬಿಡಸಾಕ ಹೋಗ್ತಾಳ. ಬರ್ರಿ, ಅಕಿನ್ನೇ ಕೇಳೋಣು. ಒಂದ ಮಾತು, ಅಲ್ಲಿ ನೀವು ಸ್ವಲ್ಪ ಸುಮ್ನಿರಬೇಕು ನೋಡ್ರಿ.”

ವಿಶಾಖಾ ಒಪ್ಪಿದಳು. ಒಪ್ಪುವುದೇನು ಸುಲಭ.

ದೇವದುರ್ಗದ ಆಚೆಯ ಹೊಲದಲ್ಲಿ ಹೆಂಗಸರು ಸಾಲು ಹಿಡಿದು ಹತ್ತಿ ಬಿಡಿಸುತ್ತಿದ್ದರು. ವಿಶಾಖಾ ಬದುವಿನ ಮೇಲೆ ನಿಂತು ಭಾಷಣ ಶುರು ಮಾಡಿದಳು. ಅವರು ಕೇಳುತ್ತಲೇ ಮುಂದೆ ಸಾಗಿದರು. ಭಾಷಣವೂ ಹತ್ತಿಗಿಡಗಳ ನಡುವೆ ಸೆರಗು ಸಿಕ್ಕಿಸಿಕೊಳ್ಳುತ್ತ ಅವರ ಹಿಂದೆ ಓಡಬೇಕಾಯಿತು. ಕೊನೆಗೆ ರೇಣುಕಮ್ಮ ಕನಿಕರಪಟ್ಟು ಉಡಿಯನ್ನು ಕೊರಳಿಗೆ ಹಾಕಿಕೊಂಡಳು. ಅದು ತುಂಬುತ್ತ ಬಂದಂತೆ ಅವಳ ಕುತ್ತಿಗೆ ಬಾಗುತ್ತ ಹೋಯಿತು. ನೈಲಾನಿನ ಒಳಗೆ ಮೈ ಬೆವರಿತು.

“ಚಲೋ ಅದ ಯವ್ವಾ,” ಎಂದಳು ರೇಣುಕಮ್ಮ, ಕುತ್ತಿಗೆ ತಿಕ್ಕಿಕೊಳ್ಳುತ್ತ.

“ಹಂಗಾರ ನಿಮಗೊಂದು ಹೊಲದು ಕೊಡ್ಲೇನು?”

“ನನಗ ಬ್ಯಾಡ. ಬ್ಯಾರೇದವ್ರಿಗಿ ಕೊಡು.”

ಬೇರೆಯವರೂ ಅದನ್ನೇ ಹೇಳಿದರು. ಸಂತೆಗೆ ಒಯ್ಯಲು ಚೆನ್ನಾಗಿದೆ ಎಂದು ಒಬ್ಬಳು ಸಮಾಧಾನ ಹೇಳಿದಳು. ವಿಶಾಖಾಳ ಮುಖ ಸಪ್ಪಗಾಯಿತು. ಬುತ್ತಿಯ ಹೊತ್ತಿನಲ್ಲಿ ಅವರ ಜೊತೆ ಕೂತು, ಮೊದಲ ಬಾರಿಗೆ ಒಂದು ಪ್ರಶ್ನೆ ಕೇಳಿದಳು. “ಈ ಕೆಲಸದಾಗ ನಿಮಗ ಭಾಳ ಬ್ಯಾಸರ ಯಾವುದ್ರದು?”

“ಈ ಅಂಗೀದು!” ಎಂದಳು ರೇಣುಕಮ್ಮ ತಡಮಾಡದೆ.

ವಿಶಾಖಾ ಆಗಲೇ ಕಣ್ಣೆತ್ತಿ ನೋಡಿದ್ದು. ಬಿಸಿಲಿಗೆ, ಗಿಡದ ತರಚಿಗೆ, ಎಲ್ಲರೂ ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟಿದ್ದರು.

“ನನ್ನ ಗಂಡಂದು. ಭುಜ ಎಲ್ಲಿಗಿ ಬಂದದ ನೋಡು, ಮೊಣಕೈಗಿ! ಎದಿಗಿ ಬಿಗಿ. ಬಗ್ಗಿದ್ರ ಕಿಸೇದಾಗಿನ ಫೋನ್ ಬೀಳ್ತದ. ಸಂಜಿಗಿ ಮನಿಗಿ ಹೋದ್ರ, ನನ್ನ ಚಲೋ ಅಂಗೀನೇ ಯಾಕ ಹಾಕ್ಕೊಂಡಿ ಅಂತ ಅವಂದೊಂದು ಜಗಳ.”

“ನಿಂದು ಪುಣ್ಯ,” ಎಂದಳು ಇನ್ನೊಬ್ಬಳು. “ನಂದು ಮೈದುನನ ಅಂಗಿ. ಜಗಳ ಆಡಾಕ ಅವ, ಅವನ ಹೇಣ್ತಿ, ಇಬ್ರು.”

ನಗು ನಿಲ್ಲುವಷ್ಟರಲ್ಲಿ ಒಬ್ಬೊಬ್ಬಳೂ ಒಂದೊಂದು ಹೇಳತೊಡಗಿದಳು. ತಮಗೆ ಗಂಡಸರ ಈ ಹಾಳು ಚೌಕಳಿ ಅಂಗಿ ಸಾಕಾಗಿದೆ, ಹೂವಿನ ಬಟ್ಟೆ ಬೇಕು. ಕತ್ತು ಸುಡದಂತೆ ಕಾಲರ್ ಎತ್ತರ ಇರಲಿ. ಎಲೆ ಅಡಿಕೆ ಸಂಚಿಗೆ ಬೇರೆ ಕಿಸೆ. ವಿಶಾಖಾ ನಡುವೆ ಬಾಯಿ ಹಾಕಲು ಹೋದಾಗಲೆಲ್ಲ ರಾಧಾ ಅವಳ ಕೈಗೆ ಒಂದು ತುಂಡು ರೊಟ್ಟಿ ಕೊಟ್ಟಳು. ಹೀಗಾಗಿ ಅವಳು ಚೆನ್ನಾಗಿ ಕೇಳಿಸಿಕೊಂಡಳು, ಚೆನ್ನಾಗಿ ಉಂಡಳು.

ಆದರೂ ಊರಿಗೆ ಬಂದವಳು ಉಡಿಗಾಗಿ ಸಣ್ಣಗೆ ಅತ್ತಳು. ಎಷ್ಟಾದರೂ ಹೆಸರಿಟ್ಟ ಕೂಸು. “ಉಡೀನೂ ಚಲೋನೇ ಅದಲ್ಲ,” ಎಂದು ಕಿರಣಕುಮಾರ ಸಂತೈಸಿದ. “ನೀ ಸುಮ್ನಿರು, ನಿನ್ನ ಮಾತು ನಂಬಿ ಇಲ್ಲೀತನ ಬಂದೀನಿ,” ಎಂದು ಅವಳು ಅವನ ಮೇಲೇ ಹರಿಹಾಯ್ದಳು.

ಬಟ್ಟೆಗಾಗಿ ರಾಧಾ ಅವಳನ್ನು ರಾಯಚೂರಿನ ಸತ್ತಾರ್ ಸಾಬ್ ಅಂಗಡಿಗೆ ಕಳಿಸಿದಳು. ಮುದುಕ ನೈಲಾನ್ ಉಡಿಯನ್ನು ಮುಟ್ಟಿ ನೋಡಿ, “ಈ ಬಿಸಿಲಾಗ ಇದು ಮೈಗಿ ಒಲಿ ಕಟ್ಟಿಗೊಂಡಂಗ ಬೇಟಾ,” ಎಂದು ನಕ್ಕ. ಆಮೇಲೆ ಅಟ್ಟದಿಂದ ಹೂವಿನ ಹತ್ತಿ ಬಟ್ಟೆಯ ಥಾನುಗಳನ್ನು ಇಳಿಸಿದ. ಪ್ಯಾಟಿ ಹುಡುಗಿಯರು ಹಳೇ ಫ್ಯಾಷನ್ ಎಂದು ಮೂಗು ಮುರಿದ ಬಟ್ಟೆ. ರೇಣುಕಮ್ಮನ ಗುಂಪಿಗೆ ಅದರ ಫೋಟೋ ಹೋದಾಗ ಧ್ವನಿ ಸಂದೇಶಗಳ ಸುರಿಮಳೆಯಾಯಿತು: ಕೆಂಪು ಹೂವಿಂದು ನನಗ, ಇಲ್ಲ ನನಗ.

ಮೊದಲ ಅಂಗಿಯ ತೋಳು ಗಿಡ್ಡವಾಯಿತು, ಎರಡನೆಯದರ ಕಿಸೆ ಎಡವಟ್ಟಾಯಿತು. ಪ್ರತಿ ಸಲ ಅವಳು ಬಸ್ಸು ಹತ್ತಿ ಹೋಗಿ, ಬೈಸಿಕೊಂಡು, ಬಿಚ್ಚಿ ಹೊಲಿದಳು. ಮೆಣಸಿನಕಾಯಿ ಬಿಡಿಸುವ ಹೊತ್ತಿಗೆ ಮಲ್ಲಟ ಊರಿನ ಹೆಂಗಸರಿಂದಲೂ ಕರೆ ಬರತೊಡಗಿತು. ಓಣಿಯ ಇಬ್ಬರು ಹೆಂಗಸರು ಅವಳ ಜೊತೆ ಯಂತ್ರಕ್ಕೆ ಕೂತರು.

ಈಚೆಗೆ ಮಾನ್ವಿ ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಅವಳು ಹೊಲಿದ ಅಂಗಿ ತೊಟ್ಟು ನಿಂತಿದ್ದಳು. ವಿಶಾಖಾ ತಾನು ಯಾರೆಂದು ಹೇಳದೆ ಪಕ್ಕ ನಿಂತು, “ಅಂಗಿ ಹೆಂಗದ ಅಕ್ಕಾ?” ಎಂದಳು.

“ತಣ್ಣಗದ. ಆದ್ರ ಕಂಕುಳಾಗ ಹೊಲಿಗಿ ಬಿಚ್ತದವ್ವಾ. ಯಾರು ಹೊಲದಾರೋ ಏನೋ!”

“ಹೌದೇನು,” ಎಂದಷ್ಟೇ ಅಂದು ವಿಶಾಖಾ ಮನೆಗೆ ಬಂದಳು. ಕೊಡಲಿಕ್ಕೆ ಮಡಚಿಟ್ಟಿದ್ದ ಅಂಗಿಗಳನ್ನೆಲ್ಲ ಬಿಡಿಸಿ, ಕಂಕುಳಿಗೆ ಎರಡೆರಡು ಹೊಲಿಗೆ ಹಾಕುತ್ತ ಕೂತಳು. ಅವತ್ತು ರೊಟ್ಟಿ ಬಡಿದವನು ಕಿರಣಕುಮಾರ. ಹೇಗಾಗಿದೆ ಎಂದು ಹೆಂಡತಿಯನ್ನು ಕೇಳಿದ. ಅವಳು ನಿಜ ಹೇಳಿದಳು.