ಖಾಲಿ ಕ್ಯಾರಿಯರ್ ಸದ್ದು

ಇವತ್ತು ಪೀಣ್ಯ ಸಿಗ್ನಲ್‌ನಲ್ಲಿ ನಮ್ಮ ಕಾರಿನ ಪಕ್ಕ ಹಳೇ ಸೈಕಲ್ಲೊಂದು ಹೋಯಿತು. ಅದರ ಖಾಲಿ ಕ್ಯಾರಿಯರ್ ಕಟಕಟ ಅನ್ನುತ್ತಿತ್ತು. ಆ ಸದ್ದಿಗೆ ಈಗಲೂ ನಾನು ತಿರುಗಿ ನೋಡುತ್ತೇನೆ.

ಚಿಕ್ಕಂದಿನಲ್ಲಿ ಭಾನುವಾರ ಜಾಲಹಳ್ಳಿಯಿಂದ ಅಜ್ಜಿ ಮನೆಗೆ ನಾಲ್ಕೂ ಜನ ಒಂದೇ ಸೈಕಲ್‌ನಲ್ಲಿ ಹೋಗುತ್ತಿದ್ದೆವು. ನಾನು ಮುಂದೆ ಬಾರ್ ಮೇಲೆ. ಅಪ್ಪ ತುಳಿಯಲು ಶುರು ಮಾಡಿದ ಮೇಲೆ ಅಮ್ಮ ತಮ್ಮನನ್ನು ಅವಚಿಕೊಂಡು, ನಾಲ್ಕು ಹೆಜ್ಜೆ ಓಡಿ, ಹಿಂದೆ ಹಾರಿ ಕೂರಬೇಕು. ಆಗ ಹೆಂಗಸರೆಲ್ಲ ಹಾಗೇ ಹತ್ತುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ಅಪ್ಪ ಅಮ್ಮನಿಗೆ ಜಗಳವಾಗಿತ್ತು. ಏರಿನಲ್ಲಿ ಎಲ್ಲರೂ ಇಳಿದು ನಡೆದೆವು. ಮೇಲೆ ಬಂದ ಮೇಲೆ ಅಪ್ಪ ನನ್ನನ್ನು ಕೂರಿಸಿಕೊಂಡು ಇಳಿಜಾರಿಗೆ ಬಿಟ್ಟರು. ಚಕ್ರ ಗುಂಡಿಗೆ ಬಿದ್ದು ಹಿಂದೆ ಧಡ್ ಅಂತು. ಅಮ್ಮ ಕೂತಳು ಅಂದುಕೊಂಡರು.

"ಆಯ್ತು ಕಣೇ, ನಂದೇ ತಪ್ಪು."

ಅಪ್ಪ ಮುಂದೆಯೇ ನೋಡುತ್ತಾ ಮತ್ತೆ ಕೇಳಿದರು.

"ಇನ್ನೂ ಕೋಪಾನಾ?"

ಕ್ಯಾರಿಯರ್ ಕಟಕಟ ಅನ್ನುತ್ತಿತ್ತು. ಅಮ್ಮ ಕೂತಿದ್ದರೆ ಅದು ಸದ್ದು ಮಾಡುವುದಿಲ್ಲ, ನನಗೆ ಗೊತ್ತು. ಆದರೆ ಲಾರಿ ಬರುವಾಗ ಬಾಯಿ ಬಿಟ್ಟರೆ ಅಪ್ಪ ಬೆನ್ನಿಗೆ ಬಾರಿಸುತ್ತಿದ್ದರು. ಮೂರು ಲಾರಿ ದಾಟುವವರೆಗೂ ಹಲ್ಲು ಕಚ್ಚಿಕೊಂಡಿದ್ದೆ.

"ಅಪ್ಪಾ, ಅಮ್ಮ ಇಲ್ಲ."

ಅಪ್ಪ ಸೈಕಲ್ ತಿರುಗಿಸಿ ಏರಿನಲ್ಲೂ ಇಳಿಯದೆ ತುಳಿದರು. ಅವರ ಬಿಸಿಯುಸಿರು ನನ್ನ ನೆತ್ತಿಗೆ ಬಡಿಯುತ್ತಿತ್ತು. ಅಮ್ಮ ಒಂದು ಕಂಕುಳಲ್ಲಿ ತಮ್ಮನನ್ನೂ ಇನ್ನೊಂದು ಕೈಯಲ್ಲಿ ಕಿತ್ತುಹೋದ ಚಪ್ಪಲಿಯನ್ನೂ ಹಿಡಿದು ನಿಂತಿದ್ದಳು.

"ಎಷ್ಟು ಕೂಗ್ದೆ ಕಣ್ರೀ. ನೀವು ತಿರುಗ್ಲೇ ಇಲ್ಲ."

ಖಾಲಿ ಕ್ಯಾರಿಯರ್‌ಗೆ ಹೇಳಿದ್ದನ್ನು ಅಪ್ಪ ಅಮ್ಮನಿಗೆ ಆಗಲೂ ಆಮೇಲೂ ಯಾವತ್ತೂ ಹೇಳಲಿಲ್ಲ. ಈಗ ಅವರಿಲ್ಲ.

ಸಿಗ್ನಲ್ ಹಸಿರಾಗುವ ಮೊದಲು ಹಿಂದಿನ ಸೀಟಿನಲ್ಲಿದ್ದ ಅಮ್ಮನಿಗೆ ಅಪ್ಪನ ಆ ಮಾತನ್ನು ಇವತ್ತು ನಾನೇ ಹೇಳಿದೆ. ಅವಳು ಕನ್ನಡಿಯಲ್ಲಿ ನನ್ನನ್ನೇ ನೋಡಿದಳು.

"ನಿಮ್ಮಪ್ಪ ಹಂಗಂದ್ರಾ? ಇನ್ನೊಂದ್ಸಲ ಹೇಳು."